ತೌಡಿಗೆ ಕೊಂಡ ಕೂಸು

ನನ್ನ ಜೀವಮಾನದಲ್ಲಿ ನಾನು ಒಂದೇ ಒಂದು ಕೂಸನ್ನು ಕೊಂಡಿದ್ದೇನೆ. ಕೊಟ್ಟದ್ದು ಒಂದು ಬೊಗಸೆ ತೌಡು. ಆ ತೌಡೂ ನನ್ನದಲ್ಲ, ಟಾಂಗಾ ಹೊಡೆಯುವ ಬಂದಗಿಸಾಬನ ಕುದುರೆಯದು. ಅವತ್ತು ಆ ಕುದುರೆ ನನ್ನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ.

ನಾನು ಅಬಿದಾ. ತವರು ಕೊಲ್ಹಾರ. ಎಪ್ಪತ್ತರ ದಶಕದ ನಡುವೆ ಸಿಂದಗಿಯಲ್ಲಿ ಒಬ್ಬ ಡಾಕ್ಟರಬಾಯಿ ನಡೆಸುತ್ತಿದ್ದ ಸಣ್ಣ ಹೆರಿಗೆ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಬಾಯಿ ಬಹಳ ಜೋರು ಎಂದು ನನಗೆ ಹೆಸರಿತ್ತು. ಸುಳ್ಳೇನೂ ಅಲ್ಲ. ಹೆರಲು ಬಂದವರನ್ನು ಬೈಯುತ್ತಿದ್ದೆ, ತಡಮಾಡಿ ಕರೆತಂದವರನ್ನು ಇನ್ನೂ ಹೆಚ್ಚು ಬೈಯುತ್ತಿದ್ದೆ, ಹುಟ್ಟಿದ ಕೂಸುಗಳನ್ನೂ ಬಿಡುತ್ತಿರಲಿಲ್ಲ. ಬೈಯದೆ ಮಾತಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ, ನಾನೂ ಕಲಿಯಲು ಹೋಗಲಿಲ್ಲ.

ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತು, ಮೈ ಕೊರೆಯುವ ಚಳಿ. ಮೋರಟಗಿಯಿಂದ ಒಂದು ಚಕ್ಕಡಿ ಬಂತು. ಒಳಗೆ ಸಾತವ್ವ ಎಂಬ ಹುಡುಗಿ, ಕುರಿ ಕಾಯುವವರ ಮನೆಯ ಸೊಸೆ, ಮೂರನೆಯ ಬಸಿರು. ಪಕ್ಕದಲ್ಲಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವಳು ಅತ್ತೆ ಶಂಕ್ರೆವ್ವ. ಗಂಡ ಮಾಳಿಂಗಪ್ಪ ಕುರಿ ಹೊಡೆದುಕೊಂಡು ಭೀಮಾ ನದಿಯ ಕಡೆಗೆ ಹೋಗಿದ್ದ. ದಿನ ತುಂಬಲು ಇನ್ನೂ ಎರಡು ತಿಂಗಳಿತ್ತು. ಆದರೆ ಕೂಸಿಗೆ ಅಷ್ಟು ತಾಳ್ಮೆ ಇರಲಿಲ್ಲ. ನಾನು ಕೈ ತೊಳೆದು ಬರುವಷ್ಟರಲ್ಲಿ ಹುಟ್ಟಿಯೇ ಬಿಟ್ಟಿತು.

ಗಂಡು. ನನ್ನ ಎರಡು ಅಂಗೈಯಲ್ಲಿ ಮಲಗಿದರೂ ಇನ್ನೂ ಜಾಗ ಉಳಿಯುತ್ತಿತ್ತು. ಚರ್ಮ ಎಷ್ಟು ತೆಳುವೆಂದರೆ ಒಳಗಿನ ನರಗಳೆಲ್ಲ ಕಾಣುತ್ತಿದ್ದವು. ಉಸಿರೆಳೆದಾಗಲೆಲ್ಲ ಎದೆಯ ಎಲುಬುಗಳು ಒಳಗೆ ಜಗ್ಗುತ್ತಿದ್ದವು, ಮೂಗಿನ ಹೊಳ್ಳೆಗಳು ಅರಳುತ್ತಿದ್ದವು, ಉಸಿರು ಬಿಟ್ಟಾಗ ಸಣ್ಣಗೆ ನರಳುವ ದನಿ. ತುಟಿಯ ಸುತ್ತ ನೀಲಿ.

"ಎದೆಯೊಳಗಿನ ಗಾಳಿಚೀಲ ಇನ್ನೂ ಪಕ್ವ ಆಗಿಲ್ಲ ಇದಕ್ಕ," ಎಂದರು ಡಾಕ್ಟರಬಾಯಿ, ಶಂಕ್ರೆವ್ವನನ್ನು ಎದುರಿಗೆ ಕೂರಿಸಿಕೊಂಡು. "ಹಸಿ ಅರಿವಿಯ ಮಡಿಕಿ ಹ್ಯಾಂಗ ಒಂದಕ್ಕೊಂದು ಅಂಟಿಕೊಳ್ತಾವ, ಹಂಗ ಅಂಟಿಕೊಳ್ತಾವ. ಪ್ರತಿ ಉಸಿರಿಗೂ ಅದನ್ನ ಹೊಸದಾಗಿ ಬಿಡಿಸಬೇಕು. ಕೂಸಿಗಿ ಅದ ದೊಡ್ಡ ದುಡಿತ. ಬೆಚ್ಚಗ ಇಟ್ಟು, ಗಾಳಿ ಕೊಟ್ಟು, ಹನಿ ಹನಿ ಹಾಲು ಹಾಕಿ ಕಾಯೂಣು. ಮುಂದಿನ ಕೆಲವು ದಿನ ದಾಟಿದ್ರ ಉಳೀತಾನ."

ನಮ್ಮಲ್ಲಿ ಇದ್ದದ್ದಾದರೂ ಎಷ್ಟು? ಊರ ಬಡಿಗೇರ ಮಾಡಿಕೊಟ್ಟ ಒಂದು ಕಟ್ಟಿಗೆಯ ಪೆಟ್ಟಿಗೆ, ಅದಕ್ಕೆ ಗಾಜಿನ ಮುಚ್ಚಳ, ಕೆಳಗಿನ ಖಾನೆಯಲ್ಲಿ ಎರಡು ಬಲ್ಬು. ಕರೆಂಟು ಹೋದರೆ ಬಿಸಿನೀರು ತುಂಬಿದ ರಬ್ಬರ್ ಚೀಲಗಳು. ವಿಜಾಪುರದಿಂದ ತರಿಸಿದ ಆಕ್ಸಿಜನ್ ಸಿಲಿಂಡರು, ಅದರ ನಳಿಕೆಯ ತುದಿಗೆ ಒಂದು ಆಲಿಕೆ. ಆ ಆಲಿಕೆಯನ್ನು ಕೂಸಿನ ಮುಖದ ಹತ್ತಿರ ಇಡಬೇಕು. ಹೆಚ್ಚು ಬಿಟ್ಟರೆ ಕಣ್ಣಿಗೆ ಕೆಡುಕು, ಕಡಿಮೆ ಬಿಟ್ಟರೆ ಜೀವಕ್ಕೆ. ಡಾಕ್ಟರಬಾಯಿ ಆ ತಿರುಪನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಇಂಥ ಕೂಸುಗಳು ಉಸಿರಾಡುವುದನ್ನೇ ಮರೆಯುತ್ತವೆ. ಹೌದು, ಮರೆಯುತ್ತವೆ. ನೋಡುನೋಡುತ್ತಲೇ ಎದೆ ನಿಲ್ಲುತ್ತದೆ. ಆಗ ಅಂಗಾಲಿಗೆ ಬೆರಳಿನಿಂದ ಟಪ್ಪೆಂದು ಹೊಡೆದು ನೆನಪಿಸಬೇಕು. ನಾನು ಹೊಡೆಯುವಾಗ ಬಾಯಿಯನ್ನೂ ಸುಮ್ಮನೆ ಇಡುತ್ತಿರಲಿಲ್ಲ.

"ಏ ಮೈಗಳ್ಳ! ಉಸಿರಾಡಾಕೂ ಆಳು ಬೇಕೇನ್ ನಿನಗ? ಆಡು ಉಸಿರು!"

ಕೂಸು ಒಮ್ಮೆ ನಡುಗಿ ಮತ್ತೆ ಉಸಿರೆಳೆಯುತ್ತಿತ್ತು. ಬಾಗಿಲ ಹತ್ತಿರ ನಿಂತ ಶಂಕ್ರೆವ್ವ ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಒಂದು ಸಲ ತನ್ನಷ್ಟಕ್ಕೇ ಅಂದಳು: "ಬೈದ್ರ ಕೇಳ್ತೈತಿ ನೋಡು ಕೂಸು."

ಮುದುಕಿ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೊಸೆಗೆ ಬಿಸಿ ಅಂಬಲಿ ಮಾಡಿ ತರುವವಳು ಅವಳು, ಕಾಲು ಒತ್ತುವವಳು ಅವಳು, ತನ್ನ ಕಂಬಳಿಯನ್ನು ಸೊಸೆಗೆ ಹೊದಿಸಿ ತಾನು ಸೆರಗು ಸುತ್ತಿಕೊಂಡು ಮಲಗುವವಳು ಅವಳು. ಸಾತವ್ವನಿಗೆ ಹಿಂದೆ ಎರಡು ಕೂಸು ಹುಟ್ಟಿ ಹೋಗಿದ್ದವು, ಎರಡೂ ಹೀಗೇ ದಿನ ತುಂಬದೆ, ಎರಡೂ ಮನೆಯಲ್ಲೇ. ಈ ಸಲ ಬೇನೆ ಶುರುವಾದ ಕೂಡಲೆ ಚಕ್ಕಡಿ ಕಟ್ಟಿಸಿ ದವಾಖಾನೆಗೆ ಹೊರಡಿಸಿದ್ದವಳೂ ಶಂಕ್ರೆವ್ವನೇ. ಅಷ್ಟು ತಿಳಿದ ಮುದುಕಿ ಮರುದಿನ ಮಾಡಿದ ಕೆಲಸ ನೋಡಿ.

ನಾನು ಹಾಲು ಹಾಕುವ ಸಣ್ಣ ನಳಿಕೆಯನ್ನು ಕುದಿಸಲು ಒಳಗೆ ಹೋಗಿದ್ದೆ. ತಿರುಗಿ ಬರುವಾಗ ಮೂಗಿಗೆ ಲೋಬಾನದ ವಾಸನೆ ಬಡಿಯಿತು. ಗುರುವಾರ ಗುರುವಾರ ನನ್ನ ತಾಯಿ ಮನೆಯಲ್ಲಿ ಹಾಕುತ್ತಿದ್ದ ಲೋಬಾನದ್ದೇ ವಾಸನೆ. ಒಂದು ಗಳಿಗೆ ಹಿತವೆನಿಸಿತು ಕೂಡ. ಆಮೇಲೆ ನಾನು ಎಲ್ಲಿದ್ದೇನೆಂಬುದು ನೆನಪಾಗಿ ಓಡಿದೆ. ಶಂಕ್ರೆವ್ವ ಚಹಾದ ಅಂಗಡಿಯಿಂದ ಕೆಂಡ ಬೇಡಿ, ಗಡಿಗೆಯ ಚೂರಿನಲ್ಲಿ ಇಟ್ಟುಕೊಂಡು ಸೆರಗಿನ ಮರೆಯಲ್ಲಿ ತಂದು, ಪೆಟ್ಟಿಗೆಯ ಕೆಳಗೆ ಇಟ್ಟಿದ್ದಳು. ಮೇಲೆ ಅಜವಾನ, ಲೋಬಾನ. ಪಕ್ಕದಲ್ಲೇ ಆಕ್ಸಿಜನ್ ಸಿಲಿಂಡರು. ಒಂದು ಕಿಡಿ ಹಾರಿದ್ದರೆ ನಾನು ಈ ಕತೆ ಹೇಳಲು ಇರುತ್ತಿರಲಿಲ್ಲ.

ಗಡಿಗೆಯ ಚೂರನ್ನು ಬರಿಗೈಯಲ್ಲೇ ಹಿಡಿದು ಕಿಟಕಿಯಿಂದ ಅಂಗಳಕ್ಕೆ ಎಸೆದೆ. ಕೈ ಸುಟ್ಟದ್ದು ಆಮೇಲೆ ತಿಳಿಯಿತು. ಕೂಸು ನೀಲಿಯಾಗಿತ್ತು. ಡಾಕ್ಟರಬಾಯಿ ಓಡಿ ಬಂದರು, ಆಲಿಕೆ ಹತ್ತಿರ ಹಿಡಿದರು, ನಾನು ಅಂಗಾಲಿಗೆ ಹೊಡೆದೆ. ಬಹಳ ಹೊತ್ತಿನ ಮೇಲೆ ಬಣ್ಣ ತಿರುಗಿತು.

"ಥಂಡಿ ಹತ್ತೈತ್ರಿ ಅದಕ್ಕ," ಎಂದಳು ಶಂಕ್ರೆವ್ವ, ಮೂಲೆಗೆ ಸರಿದು. "ಬಾಣಂತಿ ಕೋಣ್ಯಾಗ ಹೊಗಿ ಹಾಕೂದು ನಮ್ಮ ಪದ್ಧತಿರಿ. ಹೊಗಿ ಕೊಟ್ರ ಎದಿ ಸಡ್ಲ ಆಗತೈತಿ."

"ಆಯಿ, ಆ ಕೂಸಿಗಿ ಬರೇ ಗಾಳಿ ತೊಗೊಳ್ಳಾಕ ಆಗವಲ್ದು. ನೀ ಹೊಗಿ ಕುಡಿಸ್ತಿ? ಇನ್ನೊಮ್ಮೆ ಕೆಂಡ ತಂದ್ರ ನಿನ್ನ ಹಿಡಿದು ಆ ಕೆಂಡದ ಮ್ಯಾಲ ಕೂಡಿಸ್ತೇನಿ!"

ಮುದುಕಿ ನೆಲಕ್ಕೆ ಬಿದ್ದ ಬೂದಿಯನ್ನು ಸೆರಗಿನಿಂದ ಒರೆಸಿದಳು. ಒಪ್ಪಿಕೊಂಡಳು ಎಂದೇನಲ್ಲ. ಹೊಗೆಗೆ ಇಲ್ಲಿ ಜಾಗವಿಲ್ಲ, ಮನೆಯಲ್ಲಿದೆ ಎಂದು ಅವಳ ಮುಖ ಹೇಳುತ್ತಿತ್ತು.

ಐದನೆಯ ದಿನ ಕೂಸನ್ನು ಮನೆಗೆ ಒಯ್ಯುವ ಮಾತೇ ಬಂತು. ಅವತ್ತು ಸೆಟಿವೆವ್ವ ಎಂಬ ದೇವತೆ ಬಂದು ಕೂಸಿನ ಹಣೆಯ ಮೇಲೆ ಅದರ ಆಯುಷ್ಯ ಬರೆದು ಹೋಗುತ್ತಾಳಂತೆ. ಕೂಸು ಮನೆಯಲ್ಲೇ ಇರಬೇಕು, ಪೂಜೆಯಾಗಬೇಕು. ಬೆಳಗ್ಗೆಯೇ ಚಕ್ಕಡಿ ಬಂದು ನಿಂತಿತು. ಸುದ್ದಿ ತಿಳಿದ ಮಾಳಿಂಗಪ್ಪ ಕುರಿಗಳನ್ನು ಅಣ್ಣನಿಗೆ ಬಿಟ್ಟು ಬಂದಿದ್ದ. ಎತ್ತರದ ಆಳು, ಮಾತು ಕಡಿಮೆ. ಗಾಜಿನೊಳಗೆ ಮಗನನ್ನು ನೋಡಿ ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡ.

ಡಾಕ್ಟರಬಾಯಿ ಸಮಾಧಾನದಿಂದ ತಿಳಿಸಿ ಹೇಳಿದರು. ಆಕ್ಸಿಜನ್ನಿನಿಂದ ತೆಗೆದು ಆ ಚಳಿಯಲ್ಲಿ ಚಕ್ಕಡಿಯಲ್ಲಿ ಒಯ್ದರೆ ಕೂಸು ಊರು ಮುಟ್ಟುವುದಿಲ್ಲ ಎಂದರು. ಎಲ್ಲರೂ ಕೈಮುಗಿದು ಕೇಳಿದರು. "ಹೌದ್ರಿ, ಖರೇರಿ" ಎಂದರು. ಆಮೇಲೆ ಶಂಕ್ರೆವ್ವ ಕೂಸಿಗೆ ಸುತ್ತಲು ತಂದ ಮೆತ್ತನೆಯ ಹಳೆಯ ಸೀರೆಯನ್ನು ಬಿಚ್ಚತೊಡಗಿದಳು. ಡಾಕ್ಟರಬಾಯಿ ನನ್ನ ಮುಖ ನೋಡಿದರು. ಬಾಗಿಲಿಗೆ ಬೀಗ ಹಾಕಿ ಇಟ್ಟುಕೊಳ್ಳಲು ನಮಗೇನು ಅಧಿಕಾರ?

ಹೊರಡುವ ಮೊದಲು ಶಂಕ್ರೆವ್ವ ನನ್ನನ್ನು ಪಕ್ಕಕ್ಕೆ ಕರೆದಳು.

"ಬಾಯಿ, ಒಂದು ಉಪಕಾರ ಮಾಡ್ರಿ. ಈ ಕೂಸನ್ನ ನೀವು ಕೊಳ್ರಿ."

"ಏನು?"

"ಒಂದು ಬೊಗಸಿ ತೌಡ ಕೊಟ್ಟು ಕೊಳ್ರಿ. ಕೊಂಡು, ಸಾಕಾಕ ಅಂತ ನಮಗ ತಿರುಗಿ ಕೊಡ್ರಿ. ಕೂಸು ಉಳಿಯದ ಮನ್ಯಾಗ ಹಿಂಗ ಮಾಡ್ತಾರ. ಎರಡು ಕೂಸಿನ ಹಣಿ ಮ್ಯಾಲ ಸೆಟಿವೆವ್ವ ಕೆಟ್ಟದ್ದ ಬರದಾಳ, ಆಕಿಗಿ ನಮ್ಮ ಮನಿ ಗುರ್ತ ಐತಿ. ಇದು ನಮ್ಮ ಕೂಸಲ್ಲ, ಮಾರೇವಿ ಅಂದ್ರ ಆಕಿಗಿ ತಿಳಿಯಂಗಿಲ್ಲ. ನೀವು ಸಾಬರು. ನಿಮ್ಮ ಮನಿ ದಾರಿ ಆಕಿಗಿ ಎಲ್ಲಿ ಗೊತ್ತಿರ್ತೈತಿ?"

ನನಗೆ ಸಿಟ್ಟು ನೆತ್ತಿಗೇರಿತು. ಕೂಸು ಸಾಯಲು ಹೊರಟಿದೆ, ಇವಳಿಗೆ ತೌಡಿನ ಆಟ. ಬಾಯಿ ತೆರೆದೆ. ಅಷ್ಟರಲ್ಲಿ ಹಾಸಿಗೆಯ ಮೇಲಿನಿಂದ ಸಾತವ್ವ ನನ್ನ ಸೆರಗು ಹಿಡಿದು ಜಗ್ಗಿದಳು. ಆ ಹುಡುಗಿ ಬಂದಾಗಿನಿಂದ ನಾಲ್ಕು ಮಾತು ಆಡಿರಲಿಲ್ಲ. ಕೇಳಿದಾಗ ಹಾಲು ಹಿಂಡಿ ಕೊಡುವುದು, ಗೋಡೆಯ ಕಡೆ ತಿರುಗಿ ಮಲಗುವುದು, ಅಷ್ಟೇ. ಈಗ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು.

"ಕೊಳ್ರಿ ಅಕ್ಕಾರ. ಹಿಂದಕ್ಕ ಕೊಡಬ್ಯಾಡ್ರಿ."

ನನಗೆ ಅದು ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ನಾನು ತಡ ಮಾಡಲಿಲ್ಲ. ಹೊರಗೆ ಬಂದಗಿಸಾಬನ ಟಾಂಗಾ ನಿಂತಿತ್ತು. ಕುದುರೆಯ ಮೂತಿಗೆ ಕಟ್ಟಿದ ಚೀಲಕ್ಕೆ ಕೈ ಹಾಕಿ ಒಂದು ಬೊಗಸೆ ತೌಡು ಎತ್ತಿಕೊಂಡೆ. "ಏನ್ ಅಬಿದಾ, ನನ್ನ ಕುದುರೀನ ಉಪಾಸ ಕೆಡವ್ತಿ ಏನು?" ಎಂದು ಬಂದಗಿಸಾಬ ಕೂಗಿದ. ಕುದುರೆ ಮಾತ್ರ ಕೂಗಲಿಲ್ಲ, ನೋಡಿತು.

ಕೂಸನ್ನು ಮೊರದಲ್ಲಿ ಮಲಗಿಸಿ ಮಾರಬೇಕೆಂದು ಶಂಕ್ರೆವ್ವ ಜೋಳ ಹಸನು ಮಾಡುವ ಮೊರ ತಂದಿದ್ದಳು. "ಕೂಸು ಪೆಟಿಗಿ ಬಿಟ್ಟು ಬರೂದಿಲ್ಲ. ಬೇಕಾದ್ರ ಮರಾನ ಪೆಟಿಗಿ ಮ್ಯಾಲ ಇಡು," ಎಂದೆ. ಇಟ್ಟಳು. ಎಲ್ಲರೂ ಸುತ್ತ ನಿಂತರು, ಡಾಕ್ಟರಬಾಯಿ ಕೂಡ.

"ಈ ಕೂಸು ನಮಗ ಬ್ಯಾಡಾಗೈತಿ. ಮಾರೇನಿ. ತೊಗೊ," ಎಂದಳು ಶಂಕ್ರೆವ್ವ, ಯಾರೋ ಕೇಳಲೆಂಬಂತೆ ಗಟ್ಟಿಯಾಗಿ.

"ತೊಗೊಂಡೆ," ಎಂದು ತೌಡನ್ನು ಅವಳ ಸೆರಗಿಗೆ ಸುರಿದೆ.

"ಇನ್ನ ಸಾಕಾಕ ನಮಗ ಕೊಡವಾ."

"ಕೊಡೂದಿಲ್ಲ."

ಶಂಕ್ರೆವ್ವ ತೌಡಿದ್ದ ಸೆರಗನ್ನು ನನ್ನ ಮುಂದೆ ಚಾಚಿದಳು.

"ಹಂಗಲ್ಲವಾ ಪದ್ಧತಿ!" ಎಂದಳು. "ತಿರುಗಿ ಕೊಡಬೇಕು!"

"ಪದ್ಧತಿ ನನಗ ಗೊತ್ತಿಲ್ಲ. ನೀ ಮಾರಿದಿ, ನಾ ಕೊಂಡೆ. ಕೂಸು ನಂದು. ಅದರ ಎದಿ ಗಟ್ಟಿ ಆಗೋತನಕ ಈ ಪೆಟ್ಟಿಗ್ಯಾಗ ಇರ್ತೈತಿ. ಆಮ್ಯಾಲ ಸಾಕಾಕ ಕೊಡ್ತೇನಿ. ನಾ ಹೇಳ್ದಂಗ ಸಾಕಬೇಕು. ಹೊಗಿ ಇಲ್ಲ, ಕೆಂಡ ಇಲ್ಲ."

ಅವಳು ಮಗನ ಕಡೆ ತಿರುಗಿದಳು. "ಮಾಳಿಂಗ್ಯಾ, ನೀ ಏನರೆ ಹೇಳೋ."

ಮಾಳಿಂಗಪ್ಪ ಪೆಟ್ಟಿಗೆಯ ಕಡೆ ನೋಡಿದ. ಕುರಿ ಸಂತೆಯಲ್ಲಿ ಟವೆಲಿನ ಕೆಳಗೆ ಕೈ ಹಿಡಿದು ವ್ಯಾಪಾರ ಮಾಡುವ ಮನೆತನ ಅದು. ಕೈ ಬಿಟ್ಟ ಮೇಲೆ ಅಲ್ಲಿ ಎರಡನೆಯ ಮಾತಿಲ್ಲ.

"ಯವ್ವಾ, ಅಪ್ಪ ಏನ್ ಕಲಿಸ್ಯಾನ ನಮಗ? ಕೊಟ್ಟ ಮರೀನ ಹಿಂದಕ್ಕ ಕೇಳಬಾರದು," ಎಂದ. ಹಾಗೆಂದು ಹೊರಗೆ ಹೋಗಿ ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಅವನಿಗೂ ಕೂಸನ್ನು ಅಲ್ಲೇ ಬಿಡಬೇಕಿತ್ತು ಎಂದು ನನಗೆ ಆಗ ತಿಳಿಯಿತು. ತಾಯಿಯ ಮಾತು ಮೀರಲು ಅವನಿಗೊಂದು ಮರ್ಯಾದೆಯ ದಾರಿ ಬೇಕಿತ್ತು.

ಶಂಕ್ರೆವ್ವ ಒಂದು ದಿನ ಪೂರ್ತಿ ನನ್ನೊಡನೆ ಮಾತು ಬಿಟ್ಟಳು. ಸೆಟಿವೆವ್ವನ ಪೂಜೆಯನ್ನು ದವಾಖಾನೆಯ ಹೊರಗಿನ ಕಟ್ಟೆಯ ಮೇಲೆ ಮಾಡಿದಳು, ದೀಪವನ್ನೂ ಅಲ್ಲೇ ಹೊರಗೆ ಹಚ್ಚಿದಳು. ಮರುದಿನ ಬಾಗಿಲ ಹತ್ತಿರ ನಿಂತು ಕೇಳಿದಳು: "ಮಾಲಕೀ, ನಿನ್ನ ಕೂಸು ನೋಡಾಕ ಒಳಗ ಬರ್ಲೇನು?"

"ಕೈ ತೊಳಕೊಂಡು ಬಾ."

ತೊಳೆದುಕೊಂಡು ಬಂದಳು. ಅವತ್ತಿನಿಂದ ನಾನು ಮಾಲಕಿ, ಅವಳು ಬಾಯಿಗೆ ಬಂದದ್ದು ಅನ್ನಿಸಿಕೊಳ್ಳುವ ಮುದುಕಿ. ನಮ್ಮಿಬ್ಬರಿಗೂ ಅದು ಹೊಂದಿತು. ನನಗೆ ಅವಳು ಅಕ್ಕರೆಯಾಗುತ್ತ ಹೋದಳು, ಏನು ಮಾಡಲಿ? ಊರಿನಿಂದ ಯಾರಾದರೂ ಬಂದರೆ ನನಗೆಂದು ಸಜ್ಜೆರೊಟ್ಟಿ, ಶೇಂಗಾ ಚಟ್ನಿ ತರಿಸುತ್ತಿದ್ದಳು. "ಮಾಲಕಿ ಒಣಗಿದ್ರ ಕೂಸು ಹ್ಯಾಂಗ ತುಂಬಕೊಂಡೀತು?" ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಕರೆಂಟು ಹೋಯಿತು. ಬಿಸಿನೀರಿನ ಚೀಲ ಜೋಡಿಸುತ್ತಿದ್ದಾಗಲೇ ಕೂಸು ಉಸಿರು ನಿಲ್ಲಿಸಿತು. ಅಂಗಾಲಿಗೆ ಹೊಡೆದೆ. ಇಲ್ಲ. ಮತ್ತೆ ಹೊಡೆದೆ. ಇಲ್ಲ. ಡಾಕ್ಟರಬಾಯಿ ತೆಳು ಬಟ್ಟೆ ಹಾಸಿ, ಕೂಸಿನ ಬಾಯಿ ಮೂಗಿಗೆ ತಮ್ಮ ಬಾಯಿ ಇಟ್ಟು ಕೆನ್ನೆಯಲ್ಲಿ ಹಿಡಿಯುವಷ್ಟೇ ಗಾಳಿ ಊದಿದರು. ನನ್ನ ಬಾಯಿ ಕಟ್ಟಿಹೋಗಿತ್ತು. ಜೋರು ಬಾಯಿಯ ಅಬಿದಾ ಕಂಬದಂತೆ ನಿಂತು ಕಣ್ಣೀರು ಸುರಿಸುತ್ತಿದ್ದೆ.

ಬಾಗಿಲಿನಿಂದ ಶಂಕ್ರೆವ್ವ ಕೂಗಿದಳು. "ಬೈಯಿ! ಸುಮ್ಮ ನಿಂತೇನ್ ನೋಡ್ತಿ? ಬೈಯಿ ಅದಕ್ಕ!"

ನಾನು ಬೈದೆ. ಏನು ಬೈದೆನೋ ದೇವರಿಗೇ ಗೊತ್ತು. ಮೈಗಳ್ಳ ಎಂದೆ, ಕಳ್ಳ ಎಂದೆ, ನನ್ನ ತೌಡು ಮುಳುಗಿಸುತ್ತೀಯಾ ಎಂದೆ, ಕುದುರೆಗೆ ನಾನು ಏನು ಉತ್ತರ ಹೇಳಲಿ ಎಂದೆ. ಡಾಕ್ಟರಬಾಯಿ ಇನ್ನೊಮ್ಮೆ ಊದಿ ಬಾಯಿ ತೆಗೆದರು. ಕೂಸಿನ ಎದೆ ತಾನಾಗಿ ಎದ್ದಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಅಳು.

ಊದಿದ್ದು ಡಾಕ್ಟರಬಾಯಿ, ಉಳಿಸಿದ್ದೂ ಅವರೇ. ಶಂಕ್ರೆವ್ವ ಮಾತ್ರ ವಾರ್ಡಿಗೆ ಬಂದವರಿಗೆಲ್ಲ ನನ್ನ ಬೈಗುಳದ ಮಹಿಮೆಯನ್ನೇ ಹೇಳಿದಳು.

ಜೋಳದ ರಾಶಿ ನಡೆಯುವ ಹೊತ್ತಿಗೆ ಕೂಸು ಆಲಿಕೆಯ ಹಂಗು ಬಿಟ್ಟಿತು, ತಾಯಿಯ ಎದೆಗೆ ಬಾಯಿ ಹಚ್ಚಿ ಕುಡಿಯಲು ಕಲಿಯಿತು, ಗಲ್ಲ ತುಂಬಿಕೊಂಡಿತು. ಕಳಿಸುವ ದಿನ ನಾನು ಸಾತವ್ವನ ಉಡಿಗೆ ಕೂಸನ್ನು ಹಾಕಿ, "ಸಾಕಾಕ ಕೊಟ್ಟೇನಿ, ನೆನಪಿರ್ಲಿ" ಎಂದೆ. ಸಾತವ್ವ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಶಂಕ್ರೆವ್ವನಿಗೆ ಇನ್ನೊಮ್ಮೆ ತಾಕೀತು ಮಾಡಿದೆ: ಕೂಸಿನ ಎದೆ ಇನ್ನೂ ಎಳೆಯದು, ಹೊಗೆ ಸೋಕಿದರೆ ಮತ್ತೆ ಉಬ್ಬಸ ಹಿಡಿಯುತ್ತದೆ. ಮುದುಕಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಚಕ್ಕಡಿ ಹೋಯಿತು. ಖಾಲಿ ಪೆಟ್ಟಿಗೆಯನ್ನು ಒರೆಸುತ್ತ ನಾನು ಯಾರನ್ನು ಬೈಯಬೇಕೆಂದು ತಿಳಿಯದೆ ಬಲ್ಬನ್ನು ಬೈದೆ.

ಮುದುಕಿಯ ಆ ಸುಮ್ಮನಿರುವಿಕೆ ನನ್ನನ್ನು ಕೊರೆಯುತ್ತಿತ್ತು. ಕೆಲವು ದಿನಗಳ ಮೇಲೆ ರಜೆ ಹಾಕಿ, ಹೇಳದೆ ಕೇಳದೆ ಮೋರಟಗಿಯ ಬಸ್ಸು ಹತ್ತಿದೆ. ಇಳಿದು ಮನೆಯ ದಾರಿ ಕೇಳಿಕೊಂಡು ಹೊರಟೆ. ದೂರದಿಂದಲೇ ಆ ಮನೆಯ ಕಡೆಯಿಂದ ಹೊಗೆ ಏಳುತ್ತಿರುವುದು ಕಂಡಿತು. ದಟ್ಟ ಹೊಗೆ. ನನ್ನ ಮೈಯೆಲ್ಲ ಉರಿಯಿತು. ದಾರಿಯುದ್ದಕ್ಕೂ ಬೈಗುಳಗಳನ್ನು ಹೊಂದಿಸಿಕೊಂಡು, ಚಪ್ಪಲಿ ಬಡಿಯುತ್ತ ಅಂಗಳಕ್ಕೆ ನುಗ್ಗಿದೆ.

ಶಂಕ್ರೆವ್ವ ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮೂರು ಕಲ್ಲಿಟ್ಟು ಹೊಸ ಒಲೆ ಹೂಡಿದ್ದಳು. ಗಾಳಿ ಹೊಗೆಯನ್ನು ನೇರ ಅವಳ ಮುಖಕ್ಕೇ ತರುತ್ತಿತ್ತು. ಕಣ್ಣು ಕೆಂಡದಂತೆ ಕೆಂಪಾಗಿ, ನೀರು ಧಾರೆಯಾಗಿ ಇಳಿಯುತ್ತಿತ್ತು. ಒಲೆಯನ್ನು ಗಿಡದ ಆಚೆ ಬದಿಗೆ ಹೂಡಿದ್ದರೆ ಅವಳಿಗೆ ಹೊಗೆ ಬಡಿಯುತ್ತಿರಲಿಲ್ಲ. ಆದರೆ ಆಗ ಅದು ಮನೆಯ ಬಾಗಿಲಿಗೆ ಹೋಗುತ್ತಿತ್ತು.

"ಬಂದಿ ಮಾಲಕೀ? ನಿನ್ನ ಕೂಸು ಒಳಗೈತಿ," ಎಂದಳು. "ಹೊಗಿ ಹೊರಗೈತಿ."

ಒಳಗೆ ಹೋದೆ. ಒಲೆಯಿದ್ದ ಮೂಲೆಯನ್ನು ಸೆಗಣಿಯಿಂದ ಸಾರಿಸಿ ಸ್ವಚ್ಛ ಮಾಡಿದ್ದರು. ಸಾತವ್ವ ಕೂಸನ್ನು ನನ್ನ ಕೈಗೆ ಕೊಟ್ಟಳು. ಅದರ ಎದೆಗೆ ಕಿವಿ ಹಚ್ಚಿದೆ. ನರಳಿಕೆಯಿಲ್ಲ, ಗೊರಗೊರ ಇಲ್ಲ, ಹಗುರವಾದ ಉಸಿರು. ಎತ್ತಿಕೊಂಡು ಹೊರಗೆ ಬಂದೆ. ಹೊಂದಿಸಿಕೊಂಡು ಬಂದಿದ್ದ ಬೈಗುಳಗಳೆಲ್ಲ ಗಂಟಲಲ್ಲೇ ಉಳಿದಿದ್ದವು.

ಶಂಕ್ರೆವ್ವ ಹಿಟ್ಟಿನ ಕೈಯನ್ನು ಹಾಗೇ ಬಿಟ್ಟು ನನ್ನನ್ನು ನೋಡಿದಳು.

"ಒಂದು ಕೇಳ್ತೇನಿ. ಖರೇ ಹೇಳು. ಆ ಎರಡು ಕೂಸಿಗೂ ನಾನ ಹೊಗಿ ಹಾಕಿದ್ದೆ. ಬಾಗಲಾ ಹಾಕ್ಕೊಂಡು, ಕೈಯಾರೆ. ಅವು ಹೋಗಿದ್ದು ಅದಕ್ಕೇನು?"

ಇಷ್ಟು ದಿನ ಅವಳು ಹೂಂ ಊಹೂಂ ಅನ್ನದೆ ಹೊತ್ತುಕೊಂಡಿದ್ದುದು ಇದು. ಅವಳ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ಡಾಕ್ಟರಬಾಯಿಗೂ ಗೊತ್ತಿರಲಾರದು. ದಿನ ತುಂಬದ ಕೂಸುಗಳು ಹೊಗೆಯಿಲ್ಲದೆಯೂ ಹೋಗುತ್ತಿದ್ದವು.

"ಇಲ್ಲ ಆಯಿ," ಎಂದೆ ಮೆತ್ತಗೆ. "ನಿನ್ನ ಹೊಗಿಯಿಂದಲ್ಲ. ನೀ ಚಿಂತಿ ಮಾಡಬ್ಯಾಡ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಸುಳ್ಳ ಹೇಳ್ತಿ. ನೀ ಬೈಯಲಿಲ್ಲ."

ಒಲೆಯ ಮೇಲಿನ ರೊಟ್ಟಿ ಸೀಯತೊಡಗಿತ್ತು. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಯಿ ತೆರೆದೆ.

"ಏ ಹುಚ್ಚ ಮುದುಕಿ! ತಲಿಗಿಲಿ ಐತೇನ್ ನಿನಗ? ಅವು ಉಸಿರು ಆಡಾಕ ಬಾರದ ಹುಟ್ಟಿದ್ವು, ನಿನ್ನ ಒಂದು ಚಿಟಿಕಿ ಲೋಬಾನಕ್ಕ ಅಷ್ಟು ತಾಕತ್ತು ಎಲ್ಲಿಂದ ಬರಬೇಕು? ದೊಡ್ಡ ಸೆಟಿವೆವ್ವ ಆಗೀಯೇನ್ ಆಯುಷ್ಯ ಬರಿಯಾಕ? ಇಷ್ಟು ದಿನ ಇದನ್ನ ಹೊಟ್ಟ್ಯಾಗ ಇಟಗೊಂಡು ಕುಂತಿ, ನಾಚಿಕಿ ಬರೂದಿಲ್ಲ? ರೊಟ್ಟಿ ಸುಡಾಕತ್ತೈತಿ, ತಗಿ ಮೊದಲ! ಆ ಕಡೆ ಸರದು ಕೂಡು, ಕಣ್ಣ ಹೋದ್ರ ನನ್ನ ಕೂಸನ್ನ ಯಾರು ನೋಡವ್ರು?"

ಅಂಗಳದ ಕೋಳಿಗಳೆಲ್ಲ ಚೆದುರಿ ಓಡಿದವು. ಶಂಕ್ರೆವ್ವನ ಮುಖ ಮೆಲ್ಲಗೆ ಬಿಡಿಸಿಕೊಂಡಿತು. ಅವಳು ಅತ್ತಳು, ಬಹಳ ಹೊತ್ತು ಅತ್ತಳು. ಹೊಗೆಯ ನೀರು ಯಾವುದು, ಅಳುವಿನದು ಯಾವುದು ಎಂದು ನಾನು ನೋಡಲು ಹೋಗಲಿಲ್ಲ. ನನ್ನ ಹೆಗಲ ಮೇಲೆ ಕೂಸು ಬೆಚ್ಚಿ ಎದ್ದು, ಎದೆ ತುಂಬ ಗಾಳಿ ಎಳೆದುಕೊಂಡು, ಓಣಿಗೆಲ್ಲ ಕೇಳುವಂತೆ ಅಳಲು ಶುರುಮಾಡಿತು.

"ಹಾಂ," ಎಂದಳು ಶಂಕ್ರೆವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಈಗ ನಂಬಿದೆ." ಆಮೇಲೆ ಸೀದ ರೊಟ್ಟಿಯನ್ನು ನಾಯಿಗೆ ಎಸೆದು, ನನಗೆಂದು ಹೊಸದೊಂದು ಬಡಿಯತೊಡಗಿದಳು.